ಹಾಸನದಲ್ಲೇ ವಕೀಲಿಕೆ ಮಾಡೋಳಿಗೆ ಖಾಸಗಿ ಅಂತಾರಾಷ್ಟ್ರೀಯ ಕಾನೂನು ಬೇಕಾ?

ಆಲೂರು ಹುಡುಗಿ: ಹಾಸನದಲ್ಲಿ ಐದು ವರ್ಷದ ಎಲ್‌ಎಲ್‌ಬಿ ಓದ್ತಿದ್ದೀನಿ, ಈಗ ನಾಲ್ಕನೇ ವರ್ಷ. ಐಚ್ಛಿಕ ಪತ್ರಿಕೆಯಾಗಿ ಖಾಸಗಿ ಅಂತಾರಾಷ್ಟ್ರೀಯ ಕಾನೂನು ತಗೊಳ್ಳೋ ಆಸೆ. ಮದುವೆ, ವ್ಯಾಪಾರದಂಥ ಖಾಸಗಿ ವ್ಯಾಜ್ಯ ಎರಡು ದೇಶಕ್ಕೆ ಸೇರಿದಾಗ ಯಾವ ಕೋರ್ಟು, ಯಾವ ಕಾನೂನು, ಅಲ್ಲಿನ ತೀರ್ಪು ಇಲ್ಲಿ ನಡೆಯುತ್ತಾ ಅಂತ ನೋಡೋ ವಿಷಯ ಅದು. ಸೀನಿಯರ್‌ಗಳು ‘ಭೂ ಕಾನೂನು ಓದು, ಪಾಲಿನ ದಾವೆಗಳೇ ಅನ್ನ ಹಾಕೋದು’ ಅಂತಾರೆ. ನನ್ನ ತಲೇಲಿರೋದು ದೊಡ್ಡಮ್ಮನ ಮಗಳು. ಮದುವೆ ಆಗಿದ್ದು ಇಲ್ಲೇ ಛತ್ರದಲ್ಲಿ, ಹಿಂದೂ ಸಂಪ್ರದಾಯದಂತೆ. ಗಂಡ ಅಮೆರಿಕದಿಂದ ವಿಚ್ಛೇದನದ ಡಿಕ್ರಿ, ಅಂದ್ರೆ ಕೋರ್ಟಿನ ಆದೇಶ, ಕಳಿಸಿದ. ಅಕ್ಕ ಆ ದೇಶದ ಮುಖ ನೋಡಿಲ್ಲ. ‘ಕೋರ್ಟೇ ಕೊಟ್ಟಮೇಲೆ ಇನ್ನೇನು’ ಅಂತ ಮನೆಯವರು ಸುಮ್ಮನಾದ್ರು. ಕಾನೂನು ಓದೋ ನನಗೂ ಬಾಯಿ ಬರಲಿಲ್ಲ.

ಚಿಕ್ಕಮಗಳೂರು ವಕೀಲ: ಪತ್ರಿಕೆ ವಿಚಾರ ಆಮೇಲೆ. ಮೊದಲು ಅಕ್ಕನಿಗೆ ಹೇಳಮ್ಮ, ಯಾವ ಕಾಗದಕ್ಕೂ ಸಹಿ ಹಾಕೋದು ಬೇಡ ಅಂತ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ ತೆಗೆದು ನೋಡು. ವಿದೇಶಿ ತೀರ್ಪನ್ನ ನಮ್ಮ ಕೋರ್ಟು ಒಪ್ಪದಿರೋಕೆ ಆರು ಕಾರಣ ಅಲ್ಲಿವೆ: ಅಧಿಕಾರ ವ್ಯಾಪ್ತಿ ಇಲ್ಲದಿರೋದು, ಸಹಜ ನ್ಯಾಯ (ಎರಡೂ ಕಡೆಯವರ ಮಾತು ಕೇಳೋದು) ಮುರಿದಿರೋದು, ಮೋಸ, ಹೀಗೆ. ಅದಾದ ಮೇಲೆ 1991ರ ನರಸಿಂಹರಾವ್–ವೆಂಕಟಲಕ್ಷ್ಮಿ ತೀರ್ಪು ಓದು. ತಿರುಪತಿಯಲ್ಲಿ ಮದುವೆ, ಮಿಸೌರಿಯಲ್ಲಿ ಡಿಕ್ರಿ. ಯಾವ ಕಾನೂನಿನಡಿ ಮದುವೆ ಆಯ್ತೋ ಆ ಕಾನೂನು ಒಪ್ಪೋ ಕೋರ್ಟು, ಒಪ್ಪೋ ಕಾರಣ ಎರಡೂ ಇರಬೇಕು ಅಂತ ಸುಪ್ರೀಂ ಕೋರ್ಟು ಹೇಳಿ ಆ ಡಿಕ್ರಿಯನ್ನ ಮಾನ್ಯ ಮಾಡಲಿಲ್ಲ. ವಿನಾಯಿತಿಗಳೂ ಇವೆ. ಹೆಂಡತಿ ತಾನಾಗಿ ಅಲ್ಲಿ ಹಾಜರಾಗಿ ವಾದ ಮಾಡಿದ್ರೆ, ಒಪ್ಪಿಗೆ ಕೊಟ್ಟಿದ್ರೆ ಕತೆ ಬೇರೆ. ಅದಕ್ಕೇ ಸಹಿ ಬೇಡ ಅಂದಿದ್ದು. ಅಕ್ಕನಿಗೆ ಅಲ್ಲಿಂದ ಸಮನ್ಸ್ ಬಂದಿತ್ತಾ? ಉತ್ತರ ಏನಾದ್ರೂ ಕಳಿಸಿದ್ಲಾ? ಕೇಳು.

ಸಕಲೇಶಪುರ ಕಾಫಿ: ನಾನು ವಕೀಲ ಅಲ್ಲ, ಕಾಫಿ ರಫ್ತಿನ ಕಾಗದಪತ್ರ ನೋಡ್ಕೋತೀನಿ. ಯುರೋಪಿನ ಖರೀದಿದಾರರ ಕರಾರಲ್ಲಿ ಮಧ್ಯಸ್ಥಿಕೆ (ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರು ಜಗಳ ತೀರಿಸೋದು) ಹ್ಯಾಂಬರ್ಗ್‌ನಲ್ಲೋ ಲಂಡನ್‌ನಲ್ಲೋ ಅಂತ ಒಂದು ಸಾಲು ಇರುತ್ತೆ. ಗುಣಮಟ್ಟದ ಜಗಳ ಬಂದಾಗಲೇ ನಾವು ಆ ಸಾಲು ಓದೋದು. ಈ ಜಿಲ್ಲೇಲಿ ಅದನ್ನ ಮೊದಲೇ ಓದಿ ಹೇಳೋರು ಬೇಕು.

ಚಿಕ್ಕಮಗಳೂರು ವಕೀಲ: ಒಳ್ಳೇ ಮಾತು. ಜರ್ಮನಿ ಕೋರ್ಟಿನ ಡಿಕ್ರಿ ತಂದು ಇಲ್ಲಿ ನೇರ ಜಾರಿ ಮಾಡಿಸೋಕೆ ಬರಲ್ಲ, ಅದರ ಆಧಾರದ ಮೇಲೆ ಮೂರು ವರ್ಷದೊಳಗೆ ಹೊಸ ದಾವೆ ಹೂಡಬೇಕು. ಬ್ರಿಟನ್ನಿನ ಮೇಲ್ಮಟ್ಟದ ಕೋರ್ಟಿನ ಹಣದ ಡಿಕ್ರಿ ಆದ್ರೆ ಅದೇ ಸಿವಿಲ್ ಸಂಹಿತೆಯ 44ಎ ಕಲಂ ಹಿಡಿದು ಸೀದಾ ಜಿಲ್ಲಾ ನ್ಯಾಯಾಲಯಕ್ಕೆ ಬರಬಹುದು. ಅದೇ ಹ್ಯಾಂಬರ್ಗ್‌ನ ಮಧ್ಯಸ್ಥಿಕೆ ತೀರ್ಪಿಗೆ ಇಂಥ ವಿದೇಶಿ ತೀರ್ಪುಗಳನ್ನ ದೇಶಗಳು ಒಪ್ಪಿ ಜಾರಿ ಮಾಡೋ 1958ರ ನ್ಯೂಯಾರ್ಕ್ ಒಪ್ಪಂದದ ಬಲ ಇದೆ, ನಮ್ಮ 1996ರ ಮಧ್ಯಸ್ಥಿಕೆ ಕಾಯ್ದೆಯಂತೆ ಹೈಕೋರ್ಟಲ್ಲಿ ಜಾರಿಗೆ ಅರ್ಜಿ ಹಾಕಬಹುದು. ಕೋರ್ಟಿನ ಡಿಕ್ರಿಗಿಂತ ಖಾಸಗಿ ಮಧ್ಯಸ್ಥರ ತೀರ್ಪಿಗೆ ದಾರಿ ಹತ್ತಿರ! ನನಗೆ ಈ ವಿಷಯದ ರುಚಿ ಹತ್ತಿದ್ದೇ ಇಲ್ಲಿ. ಪತ್ರಿಕೆ ತಗೋ. ಪಾಲಿನ ದಾವೆ ಕಲಿಸೋಕೆ ನಿನ್ನ ಸೀನಿಯರ್ ಇದ್ದಾರೆ, ಇದನ್ನ ಕಾಲೇಜಲ್ಲಿ ಕಲಿಯದಿದ್ರೆ ಆಮೇಲೆ ಕಲಿಸೋರು ಸಿಗಲ್ಲ.

ಆಲೂರು ಹುಡುಗಿ: ಅಕ್ಕನಿಗೆ ಫೋನ್ ಮಾಡಿದೆ. ಹೋದ ವರ್ಷ ದಪ್ಪ ಲಕೋಟೆ ಒಂದು ಬಂದಿತ್ತಂತೆ. ಇಂಗ್ಲಿಷಲ್ಲಿತ್ತು ಅಂತ ದೊಡ್ಡಪ್ಪ ಬೀರುವಿನಲ್ಲಿಟ್ಟಿದ್ದಾರೆ. ಯಾರೂ ಉತ್ತರ ಬರೆದಿಲ್ಲ, ಸಹಿಯೂ ಹಾಕಿಲ್ಲ. ಭಾನುವಾರ ಊರಿಗೆ ಹೋಗಿ ತೆಗೆದು ನೋಡ್ತೀನಿ. ಪತ್ರಿಕೆಗೆ ಇವತ್ತೇ ಹೆಸರು ಕೊಟ್ಟೆ.