‘ಶಭಾಷ್’ ಸವೆದುಹೋಗಿದೆ, ಮನೆಯಲ್ಲಿ ಮೇಷ್ಟ್ರ ದನಿ ಮಾತ್ರ ಸವೆಯುತ್ತಿಲ್ಲ: ಏನು ಮಾಡೋದು?

ಕೆಂಪುಶಾಯಿ (ಪ್ರಶ್ನೆ)

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಐದನೇ ತರಗತಿ, 42 ಮಕ್ಕಳು. ಕನ್ನಡ, ಗಣಿತ ಎರಡೂ ನನ್ನ ಪಾಲಿಗೆ. ಕೇಳಬೇಕಾದ್ದು ಎರಡಿದೆ, ಒಂದಕ್ಕೊಂದು ಅಂಟಿಕೊಂಡಿದೆ.

‘ಶಭಾಷ್’, ‘ವೆರಿ ಗುಡ್’, ಎಲ್ಲರೂ ಚಪ್ಪಾಳೆ ತಟ್ಟೋದು – ಇವೆಲ್ಲ ಜೂನ್‌ನಲ್ಲಿ ಚೆನ್ನಾಗಿ ನಡೆಯುತ್ತವೆ. ದಸರಾ ರಜೆ ಹೊತ್ತಿಗೆ ಯಾರ ಕಿವಿಗೂ ಬೀಳುವುದಿಲ್ಲ. ಕೈ ಎತ್ತುವವರು ಅದೇ ಎಂಟು ಹತ್ತು ಮಂದಿ. ಉಳಿದವರನ್ನು ಹುರಿದುಂಬಿಸುವುದು ಹೇಗೆ?

ಇನ್ನೊಂದು ಮನೆಯದು. ಪುಸ್ತಕದ ಕಟ್ಟು ದಿನಾ ಮನೆಗೆ ಬರುತ್ತದೆ. ಮನೆಯವರು ಬ್ಯಾಂಕಿನಲ್ಲಿದ್ದಾರೆ, ಅವರೂ ಬರುವ ಹೊತ್ತಿಗೆ ಸುಸ್ತು. “ಇದು ನಿಮ್ಮ ಕ್ಲಾಸಲ್ಲ ರೀ” ಅನ್ನುವ ಮಾತು ವಾರಕ್ಕೆರಡು ಸಲವಾದರೂ ಬರುತ್ತದೆ. ಮಕ್ಕಳಿಗೆ ಹೇಳುವ ಒಳ್ಳೆ ಮಾತು ಮನೆಯಲ್ಲೂ ನಡೆಯಬೇಕಲ್ಲವೇ? ಉಪದೇಶ ಬೇಡ. ನಾಳೆಯಿಂದ ಮಾಡಬಹುದಾದ್ದು ಇದ್ದರೆ ಹೇಳಿ.

---

ಕಾಗುಣಿತ

ತರಗತಿಯದು ಮೊದಲು. ‘ಶಭಾಷ್’ ಸವೆಯುವುದು ಅದರೊಳಗೆ ಸುದ್ದಿ ಇಲ್ಲದ್ದಕ್ಕೆ. ಮಗುವಿಗೆ ತಾನು ಮಾಡಿದ್ದರಲ್ಲಿ ಯಾವುದು ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ, ಹಾಗಾಗಿ ಇನ್ನೊಮ್ಮೆ ಮಾಡುವುದಕ್ಕೂ ಬರುವುದಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿ, ಸಾಕು.

ಐದನೇ ತರಗತಿಯವರಿಗೆ 402ರಲ್ಲಿ 178 ಕಳೆಯಲು ಕೊಡಿ. ಉತ್ತರ 224. ತಪ್ಪು ಉತ್ತರ ಹೆಚ್ಚಾಗಿ ಎರಡೇ ಬಗೆಯವು. ಒಂದು 376. ಇದನ್ನು ಬರೆದವರು ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾರೆ, ಮೇಲಿನದು ಯಾವುದು ಕೆಳಗಿನದು ಯಾವುದು ನೋಡಿಲ್ಲ. ಇನ್ನೊಂದು 234. ಇವರು ನೂರರ ಮನೆಯಿಂದ ದಶಕಕ್ಕೆ ತಂದಿದ್ದಾರೆ, ಸೊನ್ನೆಯನ್ನು ಹತ್ತು ಮಾಡಿದ್ದಾರೆ, ಆದರೆ ಆ ಹತ್ತರಿಂದ ಬಿಡಿಗೆ ಒಂದು ಕೊಟ್ಟ ಮೇಲೆ ಅಲ್ಲಿ ಒಂಬತ್ತೇ ಉಳಿಯುತ್ತದೆ ಅನ್ನುವುದನ್ನು ಮರೆತಿದ್ದಾರೆ. ಇಬ್ಬರಿಗೂ ಒಂದೇ ಕೆಂಪು ಇಂಟು ಹಾಕಿದರೆ 234 ಬರೆದ ಮಗುವಿಗೆ ಅನ್ಯಾಯ. ಅದು ಲೆಕ್ಕದ ಮುಕ್ಕಾಲು ದಾರಿ ನಡೆದಿದೆ. “ನೂರರಿಂದ ತಂದಿದ್ದು ಸರಿ. ಹತ್ತರಲ್ಲಿ ಒಂದು ಬಿಡಿಗೆ ಕೊಟ್ಟೆಯಲ್ಲ, ಈಗ ಅಲ್ಲಿ ಎಷ್ಟಿದೆ?” ಅಂತ ಕೇಳಿ. ಹೊಗಳಿಕೆ, ತಿದ್ದುವುದು ಎರಡೂ ಅಷ್ಟರಲ್ಲೇ ಆಯಿತು. 376 ಬರೆದವರಿಗೆ ಮಾತಿನಿಂದ ಹತ್ತುವುದಿಲ್ಲ. ರಟ್ಟಿನ ನೋಟು ಮಾಡಿಸಿ: ನೂರರದು ನಾಲ್ಕು, ಒಂದರದು ಎರಡು ಕೈಗೆ ಕೊಟ್ಟು 178 ರೂಪಾಯಿ ಕೊಡು ಅನ್ನಿ. ಚಿಲ್ಲರೆ ಮಾಡಿಸಲೇಬೇಕಾಗುತ್ತದೆ. ಕೊನೆಗೆ ಕೈಯಲ್ಲಿ ನೂರರದು ಮೂರು, ಹತ್ತರದು ಒಂಬತ್ತು, ಒಂದರದು ಹನ್ನೆರಡು ಬಂದಾಗ ಅರ್ಥವಾಗುತ್ತದೆ.

‘ನೀನು ಜಾಣ’ ಅನ್ನುವುದನ್ನು ಬಿಟ್ಟುಬಿಡಿ. 1998ರಲ್ಲಿ ಕ್ಲಾಡಿಯಾ ಮ್ಯೂಲರ್, ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆಯರು ಇದೇ ಐದನೇ ತರಗತಿ ಮಕ್ಕಳ ಮೇಲೆ ಮಾಡಿ ನೋಡಿದ ಪ್ರಯೋಗವಿದೆ. ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಒಗಟುಗಳಲ್ಲಿ ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು, ಪ್ರಯತ್ನವನ್ನು ಹೊಗಳಿಸಿಕೊಂಡವರು ಅಂಟಿಕೊಂಡರು. ಹಾಗಂತ ‘ತುಂಬಾ ಕಷ್ಟಪಟ್ಟಿದ್ದೀಯ ಕಂದಾ’ ಅನ್ನುವುದನ್ನೇ ಎಲ್ಲಕ್ಕೂ ಹಚ್ಚಬೇಡಿ. ಉತ್ತರ ಬಾರದ ಮಗುವಿನ ಕಿವಿಗೆ ಅದು ‘ಪಾಪ, ನಿನ್ನ ಕೈಲಿ ಆಗೋದು ಇಷ್ಟೇ’ ಅಂತ ಕೇಳಿಸುತ್ತದೆ. ಮಗು ಅನುಸರಿಸಿದ ದಾರಿಯನ್ನು ಹೆಸರಿಸಿ ಹೇಳಬೇಕು.

ಉಕ್ತಲೇಖನಕ್ಕೂ ಇದೇ ಮಾತು. ಹತ್ತು ಪದಕ್ಕೆ ನಾಲ್ಕು ಸರಿ ಅಂದರೆ ಫೇಲು. ಉಳಿದ ಆರರ ತಪ್ಪುಗಳನ್ನು ವಿಂಗಡಿಸಿ ನೋಡಿದರೆ ಆರೂ ದೀರ್ಘದ್ದೇ ಇರಬಹುದು, ಅಂದರೆ ಮಗುವಿಗೆ ಇರುವುದು ಒಂದೇ ತೊಂದರೆ. ಆ ವಾರ ದೀರ್ಘ ಮಾತ್ರ ಹಿಡಿಯಿರಿ, ಒತ್ತಕ್ಷರದ ತಪ್ಪು ಕಂಡರೂ ಕಣ್ಣು ಮುಚ್ಚಿ. ಹಳೇ ಮೈಸೂರು ಕಡೆ ಮಕ್ಕಳು ‘ಹಾಲು’ ಇದ್ದಲ್ಲಿ ‘ಆಲು’ ಬರೆಯುತ್ತಾರೆ. ಅದು ಸೋಮಾರಿತನವಲ್ಲ, ಮನೆಯಲ್ಲಿ ಆಡುವುದನ್ನು ಕೇಳಿದ ಹಾಗೆ ಬರೆದದ್ದು. ಕಿವಿ ಸರಿಯಿದೆ ಅಂತ ಮೊದಲು ಒಪ್ಪಿ, ಆಮೇಲೆ ಪುಸ್ತಕದ ರೂಪ ತೋರಿಸಿ. ನಗಬೇಡಿ, ಬೇರೆ ಮಕ್ಕಳು ನಗಲು ಬಿಡಬೇಡಿ. ಒಮ್ಮೆ ನಗೆಪಾಟಲಾದ ಮಗು ಆಮೇಲೆ ಪಕ್ಕದವರದ್ದನ್ನು ನೋಡಿಯೇ ಬರೆಯುತ್ತದೆ.

ಇನ್ನು ಎಂಟು ಹತ್ತು ಕೈಗಳ ವಿಷಯ. ನಾವು ಪ್ರಶ್ನೆ ಕೇಳಿ ಎಷ್ಟು ಹೊತ್ತು ಸುಮ್ಮನಿರುತ್ತೇವೆ? ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ ಅದು ಸುಮಾರು ಒಂದು ಸೆಕೆಂಡ್ ಇತ್ತು. ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಹೊಸ ಮಕ್ಕಳು ಬಾಯಿ ಬಿಡುತ್ತಾರೆ. ಮೊದಲು ಪ್ರಶ್ನೆ, ಆಮೇಲೆ ಮನಸ್ಸಿನಲ್ಲೇ ಒಂದು ಎರಡು ಮೂರು, ಆಮೇಲೆ ಹೆಸರು. ಹೆಸರು ಮೊದಲು ಕರೆದರೆ ಉಳಿದ 41 ಮಂದಿಗೆ ರಜೆ ಕೊಟ್ಟಂತೆ.

---

ಅಂಚುಗೆರೆ

ಪುಸ್ತಕದ ಕಟ್ಟಿನ ಲೆಕ್ಕ ಹಾಕೋಣ. 42 ಪುಸ್ತಕಕ್ಕೆ ತಲಾ ಮೂರು ನಿಮಿಷ ಅಂದರೂ 126 ನಿಮಿಷ. ದಿನಾ ಎರಡು ಗಂಟೆ ಮನೆಯಲ್ಲಿ ಕೂತು ತಿದ್ದಿದರೆ ಯಾವ ಸಂಸಾರವೂ ತಾಳುವುದಿಲ್ಲ. ಅಷ್ಟು ಹೊತ್ತಿನ ಕೊನೆಯಲ್ಲಿ ಹಾಕುವ ಸಹಿಯಲ್ಲಿ ಮಗುವಿಗೆ ಸಿಗುವುದೂ ಏನಿಲ್ಲ.

ದಿನಕ್ಕೆ 14 ಪುಸ್ತಕ, ಮೂರು ದಿನಕ್ಕೆ ಒಂದು ಸುತ್ತು. ಒಂದಕ್ಕೆ ನಾಲ್ಕು ನಿಮಿಷ ಕೊಟ್ಟರೂ ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲಿ ಅರ್ಧ ಶಾಲೆಯಲ್ಲೇ ಆಗಬೇಕು: ಮಕ್ಕಳು ಬರೆಯುತ್ತಿರುವಾಗ ಅವರ ಪಕ್ಕ ಕೂತು ತಿದ್ದಿ. ತಪ್ಪು ಆಗುವ ಕ್ಷಣದಲ್ಲೇ ಸಿಕ್ಕಿದರೆ ಅರ್ಧ ನಿಮಿಷದ ಕೆಲಸ. ಮಗ್ಗಿ, ಬಿಟ್ಟ ಸ್ಥಳ, ಹೊಂದಿಸಿ ಬರೆಯಿರಿ ಇವನ್ನು ನೀವು ಮುಟ್ಟಲೇಬೇಡಿ. ಬೋರ್ಡಿನಲ್ಲಿ ಉತ್ತರ ಬರೆದು, ಅವರವರದ್ದನ್ನು ಅವರೇ ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳಲಿ.

ಪ್ರಬಂಧ, ಪತ್ರಗಳಿಗೆ ತಪ್ಪನ್ನು ನೀವೇ ತಿದ್ದಿ ಬರೆಯಬೇಡಿ. ತಪ್ಪಿರುವ ಸಾಲಿನ ನೇರಕ್ಕೆ ಅಂಚಿನಲ್ಲಿ ಒಂದಕ್ಷರ ಸಾಕು: ‘ದೀ’ ಅಂದರೆ ದೀರ್ಘ, ‘ಒ’ ಅಂದರೆ ಒತ್ತು, ‘ವಿ’ ಅಂದರೆ ವಿಭಕ್ತಿ, ‘ಚಿ’ ಅಂದರೆ ಚಿಹ್ನೆ. ಸಾಲಿನಲ್ಲಿ ಎಲ್ಲಿದೆ ಅಂತ ಮಗು ಹುಡುಕಲಿ. ಮೊದಲೆರಡು ವಾರ ಗಲಾಟೆ ಆಗುತ್ತದೆ, ‘ಸಾರ್ ಎಲ್ಲಿ ಸಾರ್’ ಅಂತ ಸಾಲು ನಿಲ್ಲುತ್ತಾರೆ. ಅಲ್ಲಿ ಸೋತು ತೋರಿಸಿಬಿಟ್ಟರೆ ಕೆಟ್ಟಿತು.

ಇನ್ನೊಂದು, ಅಂಕ ಮತ್ತು ಟಿಪ್ಪಣಿ ಎರಡನ್ನೂ ಒಟ್ಟಿಗೆ ಬರೆಯಬೇಡಿ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ತೋರಿಸಿದ್ದು ಇದನ್ನೇ: ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಸಲ ಸುಧಾರಿಸಿದರು, ಅಂಕವೂ ಟಿಪ್ಪಣಿಯೂ ಸಿಕ್ಕವರು ಅಂಕ ಮಾತ್ರ ಸಿಕ್ಕವರಂತೆಯೇ ಉಳಿದರು. ಎರಡೂ ಇದ್ದರೆ ಮಗು ಅಂಕ ನೋಡಿ ಪಕ್ಕದವರದ್ದರ ಜೊತೆ ಹೋಲಿಸಿ ಪುಸ್ತಕ ಮುಚ್ಚುತ್ತದೆ. ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಅಂಕ ದಾಖಲೆಯಲ್ಲಿ ಇರಲೇಬೇಕು, ಅದು ಬೇರೆ ಮಾತು. ದಿನದ ಬರವಣಿಗೆಯ ಅಂಕ ನಿಮ್ಮ ರಿಜಿಸ್ಟರಿನಲ್ಲಿರಲಿ, ಮಗುವಿನ ಪುಸ್ತಕದಲ್ಲಿ ಟಿಪ್ಪಣಿ ಇರಲಿ.

---

ಬೆಳವಲ

ಕಾಗುಣಿತ ಸರ ಹೇಳಿದ್ದು ಖರೆ, ಆದ್ರ ಒಂದು ಮಾತು ಬಿಟ್ಟಾರ. ಐದನೇತ್ತಕ್ಕ ಬಂದ್ರೂ ಓದಾಕ ಬರದ ಹುಡುಗಗ ಎಷ್ಟ ಹುರುಪು ತುಂಬಿದ್ರೂ ಅದು ತೂತಿನ ಕೊಡಕ್ಕ ನೀರು ಹಾಕಿಧಂಗ. ಮೊದಲ ಅಂವಾ ಎಲ್ಲಿ ನಿಂತಾನ ನೋಡ್ರಿ: ಅಕ್ಷರ, ಕಾಗುಣಿತ, ಒತ್ತಕ್ಷರ ಇಲ್ಲದ ಪದ, ಒತ್ತಕ್ಷರದ ಪದ, ವಾಕ್ಯ. ಎಲ್ಲಿ ನಿಂತಾನ ಅಲ್ಲಿಂದ ಒಂದ ಮೆಟ್ಟಲಾ ಮ್ಯಾಲಿನ ಕೆಲಸ ಕೊಡ್ರಿ. ಹತ್ತರಾಗ ಏಳೆಂಟು ಅಂವಗ ಬರೂ ಹಂಗ ಇರಬೇಕು. ತಾನ ಗೆದ್ದದ್ದು ಗೊತ್ತಾತು ಅಂದ್ರ ನಿಮ್ಮ ಶಭಾಷ್‌ಗಿರಿ ಅಂವಗ ಬೇಕಾಗೂದಿಲ್ಲ.

ಮತ್ತ, ಪೆನ್ನು ಚಾಕಲೇಟು ಬಹುಮಾನ ಅಂತ ಮೊದಲ ಆಸೆ ಹಚ್ಚಬ್ಯಾಡ್ರಿ. ಇಷ್ಟಪಟ್ಟು ಮಾಡೂ ಕೆಲಸಕ್ಕ ಬಹುಮಾನ ಗೊತ್ತುಮಾಡಿದ್ರ, ಬಹುಮಾನ ನಿಂತ ದಿನ ಕೆಲಸಾನೂ ನಿಲ್ಲತೈತಿ.

---

ಒಗ್ಗರಣೆ ಮೇಡಂ

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನೇ ಹಾಕುತ್ತೇನೆ.

ಕೆಂಪುಶಾಯಿ ಸರ್, ‘ಮಕ್ಕಳಿಗೆ ಹೇಳುವ ಒಳ್ಳೆ ಮಾತು ಮನೆಯಲ್ಲೂ ನಡೆಯಬೇಕಲ್ಲವೇ’ ಅಂದಿರಲ್ಲ, ಎಡವಟ್ಟು ಅಲ್ಲೇ ಇದೆ. ಮೌಲ್ಯಮಾಪನ ಯಾವಾಗಲೂ ಮೇಲಿನವರು ಕೆಳಗಿನವರಿಗೆ ಮಾಡುವುದು. “ಸಾರು ಚೆನ್ನಾಗಿದೆ, ಹೋದ ಸಲಕ್ಕಿಂತ ಸುಧಾರಿಸಿದೆ” ಅನ್ನುವುದು ಐದನೇ ತರಗತಿಗೆ ಒಳ್ಳೆಯ ಟಿಪ್ಪಣಿ, ಹೆಂಡತಿಗೆ ಬೈಗುಳ. ಮನೆಯಲ್ಲಿ ಬೇಕಾದ್ದು, ಕಂಡದ್ದನ್ನು ಹೇಳುವುದು ಮತ್ತು ಅದರಿಂದ ನಿಮಗಾದ ಅನುಕೂಲವನ್ನು ಹೇಳುವುದು. “ಗ್ಯಾಸ್ ಬುಕ್ ಮಾಡಿದ್ದೀಯಲ್ಲ, ನಂಗೆ ನೆನಪೇ ಇರಲಿಲ್ಲ.” ಅಷ್ಟೇ. ಅದಕ್ಕೆ ಅಂಕ ಕೊಡಬೇಡಿ, ಮುಂದಿನ ಸಲಕ್ಕೆ ಸಲಹೆಯನ್ನೂ ಕೊಡಬೇಡಿ.

ಮೇಷ್ಟ್ರ ದನಿ ಅನ್ನುವುದು ಗಂಟಲಿನ ಎತ್ತರವಷ್ಟೇ ಅಲ್ಲ. ಅದರ ಗುರುತು ಇವು: ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು (“ಬೀಗ ಎಲ್ಲಿಡಬೇಕು ಅಂತ ಹೇಳಿದ್ದೆ?”), ಒಂದೇ ಮಾತನ್ನು ಮೂರು ಸಲ ಹೇಳುವುದು, ಕೊನೆಗೆ “ಅರ್ಥ ಆಯ್ತಾ?” ಸೇರಿಸುವುದು, ಅವರು ಕಥೆ ಹೇಳುತ್ತಿರುವಾಗ ನಡುವೆ ತಾರೀಖು ತಿದ್ದುವುದು. ನಾಲ್ಕರಲ್ಲಿ ಯಾವುದು ನಿಮ್ಮದು ಅಂತ ಮನೆಯವರನ್ನೇ ಕೇಳಿ. ತಿಂಗಳಿಗೆ ಒಂದನ್ನು ಬಿಟ್ಟರೆ ಸಾಕು. ಮೊದಲು ‘ಅರ್ಥ ಆಯ್ತಾ’ ಬಿಡಿ, ಅದು ಸುಲಭ.

ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಮೌನ ಇಟ್ಟುಕೊಳ್ಳಿ. ಅದು ಮುನಿಸಲ್ಲ, ಗಂಟಲಿಗೆ ವಿಶ್ರಾಂತಿ ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮೌನವೇ ಜಗಳವಾಗುತ್ತದೆ. ಐದಾರು ಪಿರಿಯಡ್ ಕೂಗಿದ ಗಂಟಲಿಗೆ ಅದು ನಿಜಕ್ಕೂ ಬೇಕು. ಬಿಸಿನೀರು ಕುಡಿಯಿರಿ, ಪಿಸುಮಾತಿಗೆ ಹೋಗಬೇಡಿ, ಪಿಸುಮಾತಿನಿಂದಲೂ ಗಂಟಲಿಗೆ ಆಯಾಸ.

ಜಗಳದ ಹೊತ್ತಿಗೆ ಒಂದು ಅಂದಾಜು ಇದೆ. ದಂಪತಿಗಳ ಮಾತುಕತೆಯನ್ನು ವರ್ಷಗಟ್ಟಲೆ ದಾಖಲಿಸಿದ ಜಾನ್ ಗಾಟ್‌ಮನ್ ಪ್ರಕಾರ, ಗಟ್ಟಿಯಾಗಿ ಉಳಿದ ಸಂಸಾರಗಳಲ್ಲಿ ಜಗಳದ ನಡುವೆಯೂ ಒಂದು ಕಹಿಗೆ ಐದು ಸಿಹಿ ಇರುತ್ತಿತ್ತು. ಸಿಹಿ ಅಂದರೆ ಹೊಗಳಿಕೆಯೇ ಆಗಬೇಕಿಲ್ಲ. ತಲೆಯಾಡಿಸುವುದು, ‘ಹೌದು ಅದು ಸರಿ’ ಅನ್ನುವುದು, ಒಂದು ನಗು, ಎಲ್ಲವೂ ಲೆಕ್ಕಕ್ಕೆ. ಇದನ್ನು ಡೈರಿಯಲ್ಲಿ ಬರೆದು ಎಣಿಸಲು ಮಾತ್ರ ಹೋಗಬೇಡಿ, ಮೇಷ್ಟ್ರ ಬುದ್ಧಿ ಅಲ್ಲೂ ರಿಜಿಸ್ಟರ್ ತೆರೆಯುತ್ತದೆ!

ಕೆಲಸ ಹಂಚಿಕೊಳ್ಳುವಾಗ ತುಂಡು ತುಂಡಾಗಿ ಹಂಚಬೇಡಿ. ‘ನಾನು ಸಹಾಯ ಮಾಡ್ತೀನಿ’ ಅಂದರೆ ನೆನಪಿಡುವ ಹೊರೆ ಅವರ ತಲೆಯಲ್ಲೇ ಉಳಿಯುತ್ತದೆ. ಇಡ್ಲಿ ನಿಮ್ಮದು ಅಂದರೆ ಬೇಳೆ ಮುಗಿದದ್ದು ನೋಡುವುದರಿಂದ ಹಿಡಿದು ತಟ್ಟೆ ತೊಳೆಯುವವರೆಗೂ ನಿಮ್ಮದು. ಶನಿವಾರ ಬೆಳಗಿನ ಶಾಲೆ ಇರುವವರಿಗೆ ಶುಕ್ರವಾರದ ಕ್ರಮ ಹೀಗೆ: ಸಂಜೆ ಐದಕ್ಕೆ ಒಂದು ಲೋಟ ಉದ್ದಿನಬೇಳೆ, ಮೂರು ಲೋಟ ಇಡ್ಲಿ ಅಕ್ಕಿ ಬೇರೆ ಬೇರೆ ನೆನೆಹಾಕಿ. ಒಂಬತ್ತೂವರೆಗೆ ಬೇಳೆಯನ್ನು ನುಣ್ಣಗೆ, ಅಕ್ಕಿಯನ್ನು ಸಣ್ಣ ರವೆಯಷ್ಟು ತರಿಯಾಗಿ ರುಬ್ಬಿ ಕೈಯಿಂದ ಕಲಸಿ. ಬೇಸಿಗೆಯಲ್ಲಿ ಆರಕ್ಕೆ ಉಬ್ಬಿರುತ್ತದೆ, ಡಿಸೆಂಬರಿನಲ್ಲಿ ಉಬ್ಬುವುದಿಲ್ಲ. ಆಗ ಗುರುವಾರವೇ ಶುರು ಮಾಡಿ, ಇಲ್ಲವೇ ಶನಿವಾರ ಅವಲಕ್ಕಿ ಅಂತ ಒಪ್ಪಿಕೊಳ್ಳಿ. ಐದಕ್ಕೆ ನೆನೆಹಾಕುವುದನ್ನು ನೆನಪಿಡುವುದೇ ಇದರಲ್ಲಿ ನಿಜವಾದ ಕೆಲಸ.

---

ಕೆಂಪುಶಾಯಿ

‘ಅರ್ಥ ಆಯ್ತಾ’ ನನ್ನದೇ. ಕೇಳುವ ಮುಂಚೆಯೇ ಮನೆಯವರು ಓದಿ ನಕ್ಕರು.

ಅಂಚುಗೆರೆಯವರಿಗೆ ಒಂದು ಅನುಮಾನ. ಪೋಷಕರು ಪುಸ್ತಕದಲ್ಲಿ ಅಂಕ ಕಾಣದಿದ್ದರೆ ‘ಮೇಷ್ಟ್ರು ನೋಡೇ ಇಲ್ಲ’ ಅನ್ನುತ್ತಾರಲ್ಲ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಅದೇ ಮಾತು ಬರಬಹುದು.

---

ಅಂಚುಗೆರೆ

ಬಂದೇ ಬರುತ್ತದೆ. ಅದಕ್ಕೆ ಜೂನ್ ತಿಂಗಳ ಪೋಷಕರ ಸಭೆಯಲ್ಲೇ ಅಂಚಿನ ಅಕ್ಷರಗಳನ್ನು ಬೋರ್ಡಿನಲ್ಲಿ ಬರೆದು ತೋರಿಸಿ, ಪುಸ್ತಕದ ಮೊದಲ ಪುಟದಲ್ಲಿ ಮಕ್ಕಳ ಕೈಯಲ್ಲೇ ಅದನ್ನು ಬರೆಸಿ. ಟಿಪ್ಪಣಿಯ ಕೆಳಗೆ ತಾರೀಖು, ಸಹಿ ತಪ್ಪದೆ ಇರಲಿ. ಮೇಷ್ಟ್ರು ನೋಡಿದ್ದಕ್ಕೆ ಅದೇ ಸಾಕ್ಷಿ.

ದಿನಕ್ಕೆ ಇಬ್ಬರು ಮಕ್ಕಳ ಮನೆಗೆ ಒಂದು ಸಾಲಿನ ಚೀಟಿ ಕಳಿಸಿ. 42 ಮಕ್ಕಳಿಗೆ 21 ಶಾಲಾ ದಿನ, ಹೆಚ್ಚುಕಡಿಮೆ ತಿಂಗಳಿಗೆ ಒಂದು ಸುತ್ತು. “ಇವತ್ತು ಪಕ್ಕದವಳಿಗೆ ಭಾಗಾಕಾರ ಹೇಳಿಕೊಟ್ಟಳು” – ಇಷ್ಟು ಸಾಕು. ‘ಒಳ್ಳೆಯ ಹುಡುಗಿ’ ಅಂತ ಬರೆದರೆ ಅದೂ ಶಭಾಷ್ ಆಗುತ್ತದೆ. ಅಪ್ಪ ಅಮ್ಮನಿಗೆ ಓದು ಬಾರದ ಮನೆಯಾದರೆ ಚೀಟಿಯನ್ನು ಮಗುವೇ ಓದಿ ಹೇಳುತ್ತದೆ, ಅದೂ ಒಂದು ಓದಿನ ಪಾಠ. ತರಲೆ ಮಾಡಿದ ದಿನ ದೂರು ಬರೆದು ಅದೇ ಚೀಟಿಯಲ್ಲಿ ಕಳಿಸಬೇಡಿ. ಒಮ್ಮೆ ಕಳಿಸಿದರೆ ಆಮೇಲಿನ ಚೀಟಿಗಳು ದಾರಿಯಲ್ಲೇ ಮಾಯವಾಗುತ್ತವೆ.

---

ಬೆಳವಲ

ಒಗ್ಗರಣೆ ಅಕ್ಕಾರ, ಥಂಡಿಯೊಳಗ ಹಿಟ್ಟು ಉಬ್ಬಬೇಕಂದ್ರ ಬ್ಯಾಳಿ ಜೋಡಿ ಒಂದು ಚಮಚ ಮೆಂತ್ಯೆ ನೆನಿ ಹಾಕ್ರಿ, ರುಬ್ಬೂ ಮುಂದ ಉಗುರುಬೆಚ್ಚನ ನೀರು ಹಾಕ್ರಿ. ಗುರುವಾರದಿಂದ ಯಾಕ ಒದ್ದಾಡ್ತೀರಿ. ಅದೂ ಆಗಲಿಲ್ಲಂದ್ರ ನಮ್ಮ ಕಡೆ ಕಟಕ ರೊಟ್ಟಿ ಅದಾವಲ್ರಿ, ಶನಿವಾರಕ್ಕ ಅವ ಚಲೋ.