ಮಳೆ ನಿಂತಿತು ಅಂತ ಅಲಿ ಹಾಡುವಾಗ ಗುಡುಗು ನಿಲ್ಲಿಸಬೇಕಾ?

ಸೈಡ್‌ವಿಂಗ್ ಸೀನ

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾಟಕದವರು ಒಂದಿಷ್ಟು ಜನ ಇದ್ದೀರಿ ಅನ್ನುವ ಧೈರ್ಯದ ಮೇಲೆ ಕೇಳುತ್ತಿದ್ದೇನೆ.

ನಮ್ಮೂರು ಗದಗದ ಹತ್ತಿರ. ಆರು ವರ್ಷದಿಂದ ಸ್ಟಾಕ್‌ಹೋಮಿನಲ್ಲಿದ್ದೇನೆ. ಹೋದ ವರ್ಷ ಪಕ್ಕದ ಮನೆಯ ಅಜ್ಜಿಯೊಬ್ಬರು ಎಳೆದುಕೊಂಡು ಹೋಗಿ ಒಂದು ಹವ್ಯಾಸಿ ಹಾಡುಗಾರರ ಗುಂಪಿಗೆ ಸೇರಿಸಿದರು. ಎರಡೇ ವಾರದಲ್ಲಿ ನನ್ನ ಗಂಟಲು ಎಂಥದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಪಾಪ, ಹೊರಗೆ ಹಾಕಲಿಲ್ಲ. ರಂಗದ ಹಿಂದಕ್ಕೆ ಹಾಕಿದರು. ಈಗ ನನ್ನ ಹುದ್ದೆ ಗುಡುಗು.

ನಾವು ಆಡುತ್ತಿರುವುದು ಗ್ರೆತ್ರಿ ಸಂಗೀತ ಬರೆದ 'ಜೆಮೀರ್ ಎ ಅಜೋರ್', ಅದರ ಮೊದಲ ಅಂಕ ಮಾತ್ರ. 1771ರ ಫ್ರೆಂಚ್ ಒಪೆರಾ, ಸಾಹಿತ್ಯ ಮಾರ್ಮೊಂತೆಲ್‌ದು. ಸುಂದರಿ ಮತ್ತು ಮೃಗದ ಕಥೆಯನ್ನೇ ಪರ್ಷಿಯಾ ಕಡೆಗೆ ತಿರುಗಿಸಿದ್ದಾರೆ. ಸಾಂದರ್ ಎಂಬ ವ್ಯಾಪಾರಿ, ಅವನ ಆಳು ಅಲಿ. ಇಬ್ಬರೂ ಬಿರುಗಾಳಿಗೆ ಸಿಕ್ಕಿ ಯಾರೂ ಇಲ್ಲದ ಅರಮನೆಯೊಳಗೆ ಬರುತ್ತಾರೆ. ಅಲಿಗೆ ಆ ಜಾಗ ಕಂಡರೇ ಪುಕುಪುಕು. ಹೇಗಾದರೂ ಹೊರಡಬೇಕು. ಅದಕ್ಕೆ ಗಾಳಿ ಇಳಿಯಿತು, ಮಳೆ ನಿಲ್ಲುತ್ತಾ ಬಂತು ಅಂತ ಹಾಡುತ್ತಾನೆ. ವಾದ್ಯಗಳು ಮಾತ್ರ ಬಿರುಗಾಳಿಯನ್ನೇ ನುಡಿಸುತ್ತಿರುತ್ತವೆ! ಆಮೇಲೆ ಊಟ ಬರುತ್ತದೆ, ವೈನ್ ಬರುತ್ತದೆ. ಈಗ ಮಳೆ ನಿಜವಾಗಿ ನಿಂತಿದೆ, ಯಜಮಾನ ಏಳು ಅಂದರೆ ಇವನು ಆಕಳಿಸುತ್ತಾ ಕೂತಿರುತ್ತಾನೆ.

ಜಗಳ ಇರುವುದು ಇಲ್ಲೇ. ನಮ್ಮ ನಿರ್ದೇಶಕಿ, ಅಲಿ ಬಾಯಿ ತೆರೆದ ಕೂಡಲೇ ಗುಡುಗು ನಿಲ್ಲಬೇಕು, ಇಲ್ಲದಿದ್ದರೆ ಮಾತು ಕೇಳಿಸುವುದಿಲ್ಲ ಅಂತಾರೆ. ಗುಡುಗು ನಿಂತರೆ ಅವನು ಹೇಳಿದ್ದು ನಿಜವೇ ಆಯಿತಲ್ಲ, ನಗುವುದು ಯಾತಕ್ಕೆ ಅನ್ನುವುದು ನನ್ನ ತಕರಾರು.

ಹೋದ ತಿಂಗಳು ಎಲ್ಲರೂ ಸೇರಿ ಡ್ರೊಟ್ನಿಂಗ್‌ಹೊಲ್ಮ್ ಅರಮನೆಯ ರಂಗಮಂದಿರ ನೋಡಲು ಹೋಗಿದ್ದೆವು. ಮೆಟ್ರೋದಲ್ಲಿ ಬ್ರೊಮ್ಮಾಪ್ಲಾನ್, ಅಲ್ಲಿಂದ ಬಸ್ಸು. 1766ರ ಕಟ್ಟಡ. ಇದೇ ಆಟ 1778ರಲ್ಲಿ ಅಲ್ಲಿ ಆಗಿತ್ತಂತೆ. ಹೊರಗಿನಿಂದ ನೋಡಿದರೆ ದೊಡ್ಡ ಗೋದಾಮು ಅನ್ನಬೇಕು, ಅಷ್ಟು ಸಪ್ಪೆ. ಅಲ್ಲಿಯ ಗುಡುಗಿನ ಪೆಟ್ಟಿಗೆ ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ. ಉದ್ದನೆಯ ಮರದ ಪೆಟ್ಟಿಗೆ, ಒಳಗೆ ಕಲ್ಲು. ಅಷ್ಟೇ. ನನಗೂ ಅಂಥದ್ದೇ ಬೇಕು. ಆದರೆ ನಮ್ಮದು ಶಾಲೆಯ ಹಾಲ್. ಅಂಥ ರಂಗದಲ್ಲಿ ಇದನ್ನು ಹೇಗೆ ಆಡುತ್ತಿದ್ದರು, ನಾವು ಅದರಲ್ಲಿ ಏನು ಕದಿಯಬಹುದು? ತಿಳಿದವರು ಹೇಳಿ. ಇನ್ನೊಂದು, ಅಂಕದ ಕೊನೆಗೆ ಇಬ್ಬರನ್ನೂ ಮೋಡದ ಮೇಲೆ ಕೂರಿಸಿ ಮನೆಗೆ ಕಳಿಸಬೇಕು. ಅದಕ್ಕೂ ಏನಾದರೂ ದಾರಿ ಇದ್ದರೆ ತಿಳಿಸಿ.

ಹೆಗ್ಗೋಡಿನ ದೀಪದವಳು

ಸೀನಣ್ಣ, ಗುಡುಗು ನಿಲ್ಲಿಸಬೇಡಿ. ನಿಮ್ಮ ನಿರ್ದೇಶಕಿ ಹೇಳುವುದರಲ್ಲೂ ಅರ್ಧ ಸರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹೆಗ್ಗೋಡಿನಲ್ಲಿ ಕಲಿತವಳು. ಈಗ ಮಾಲ್ಮೋದಲ್ಲಿ ನಾಟಕಗಳಿಗೆ ಬೆಳಕು ಮಾಡುತ್ತೇನೆ. ಡ್ರೊಟ್ನಿಂಗ್‌ಹೊಲ್ಮಿಗೆ ನಾಲ್ಕು ಬೇಸಿಗೆ ಹೋಗಿದ್ದೇನೆ. ಬೇಸಿಗೆ ಬಿಟ್ಟರೆ ಅಲ್ಲಿ ಆಟವೇ ಇಲ್ಲ, ಕಟ್ಟಡಕ್ಕೆ ಹೀಟರ್ ಇಲ್ಲವಲ್ಲ. ಅಲ್ಲಿಗೆ ಹೋದವರೆಲ್ಲ ಕಂಬಗಳ ಫೋಟೋ ತೆಗೆಯುತ್ತಾರೆ. ಅಮೃತಶಿಲೆಯ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಮರ, ಗಾರೆ, ಕಾಗದದ ಮುದ್ದೆ, ಮೇಲೆ ಬಣ್ಣ. ಹಳೇ ರಂಗಮಂದಿರ 1762ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಕೈಯಲ್ಲಿ ಕಾಸು ಕಮ್ಮಿ. ವಾಸ್ತುಶಿಲ್ಪಿ ಅಡೆಲ್‌ಕ್ರಾಂಟ್ಸ್ ಬಡತನವನ್ನೇ ಶ್ರೀಮಂತಿಕೆಯ ಹಾಗೆ ತೋರಿಸಿದ. ನನಗೆ ಅದು ತುಂಬಾ ಇಷ್ಟ. ನಾಟಕದವರ ಬುದ್ಧಿ ಅದು.

ನಿಜವಾದ ವೈಭವ ಇರುವುದು ರಂಗದ ಹಲಗೆಯ ಕೆಳಗೆ. ನೆಟ್ಟಗೆ ನಿಂತ ದಪ್ಪ ಕಂಬ, ಅದಕ್ಕೆ ಅಡ್ಡ ಮರದ ಕೈಗಳು. ನಮ್ಮ ಕಡೆ ಗಾಣ ಸುತ್ತುವ ಹಾಗೆ ಜನ ಅದನ್ನು ಹಿಡಿದು ಸುತ್ತುತ್ತಾರೆ. ಕಂಬಕ್ಕೆ ಹಗ್ಗ, ಹಗ್ಗಕ್ಕೆ ಗಾಲಿಯ ಚೌಕಟ್ಟುಗಳು, ಚೌಕಟ್ಟಿಗೆ ಮೇಲಿನ ಸೈಡ್‌ವಿಂಗ್‌ಗಳು, ಅಂದರೆ ರಂಗದ ಎರಡೂ ಪಕ್ಕ ನಿಲ್ಲುವ ಬಣ್ಣದ ಸೀನರಿ. ಒಂದು ಸುತ್ತು ಬಿದ್ದರೆ ಎರಡೂ ಕಡೆ ಕಾಡು ಒಳಗೆ ಸರಿಯುತ್ತದೆ, ಅರಮನೆ ಹೊರಗೆ ಬರುತ್ತದೆ. ಕೆಲವೇ ಸೆಕೆಂಡು. ಪರದೆ ಬೀಳಿಸುವುದಿಲ್ಲ, ದೀಪ ಆರಿಸುವುದಿಲ್ಲ, ಜನರ ಕಣ್ಣೆದುರೇ. ಮೋಟರ್ ಇಲ್ಲ. ಮರ ಕಿರುಗುಟ್ಟುವ ಸದ್ದು ಸಣ್ಣಗೆ ಕೇಳಿಸುತ್ತದೆ, ಅದೂ ಸಂಗೀತದ ಜೊತೆಗೇ ಸೇರಿಹೋಗುತ್ತದೆ.

ಈಗ ಗುಡುಗು. ಪೆಟ್ಟಿಗೆಯನ್ನು ಮೇಲೆ ತೂಗುಹಾಕಿರುತ್ತಾರೆ, ಹಗ್ಗ ಎಳೆದರೆ ಓರೆಯಾಗುತ್ತದೆ, ಕಲ್ಲು ಉರುಳುತ್ತದೆ. ಒಂದು ವಿಷಯ ಗಮನಿಸಿ. ನೀವು ಎಳೆದ ಕ್ಷಣಕ್ಕೆ ಸದ್ದು ಬರುವುದಿಲ್ಲ. ಕಲ್ಲು ಮನಸ್ಸು ಮಾಡಬೇಕು, ಹೊರಡಬೇಕು, ಉರುಳಬೇಕು. ಅಂದರೆ ಅಲಿ ಸಾಲು ಮುಗಿಸಿದ ಮೇಲೆ ಎಳೆದರೆ ತಡವಾಯಿತು ಅಂತಲೇ. ಕೊನೆಯ ಪದಕ್ಕಿಂತ ಮೊದಲೇ ಎಳೆಯಬೇಕು. ಮಾತು ಮುಗಿಯುವುದಕ್ಕೂ ಗುಡುಗು ಬರುವುದಕ್ಕೂ ಸರಿಹೋಗಬೇಕು. ಆಗ ಮಾತೂ ಕೇಳಿಸಿತು, ನಗುವೂ ಬಂತು. ನಿರ್ದೇಶಕಿಯ ಅರ್ಧ ಸರಿ ಅಂದೆನಲ್ಲ, ಅದು ಇದೇ. ಮಾತಿನ ಮೇಲೆ ಗುಡುಗು ಬೇಡ, ಮಾತಿನ ಬಾಲಕ್ಕೆ ಬೇಕು.

ನಾನು ಹದಿನೆಂಟರಲ್ಲಿ ಸಾಗರದ ಹತ್ತಿರ ಒಂದು ಹಳ್ಳಿ ನಾಟಕಕ್ಕೆ ತಗಡು ಅಲ್ಲಾಡಿಸಿದ್ದೆ. ಎರಡು ಮಾತು ತಡ ಮಾಡಿದೆ. ಶಾಪ ಹಾಕುವಾಗ ಬರಬೇಕಾದ ಗುಡುಗು, ಶಾಪ ತಗಲಿದವನು ಸತ್ತು ಮಲಗಿದ ಮೇಲೆ ಬಂತು. ಹೆಣ ಬೆಚ್ಚಿ ಎದ್ದು ಕೂತಿತು. ಈಗಲೂ ಊರಿಗೆ ಹೋದರೆ ನನ್ನನ್ನು ಗುಡುಗಮ್ಮ ಅಂತಾರೆ.

ಇನ್ನು ಕದಿಯುವ ಮಾತು. ಅಲ್ಲಿಯ ಸೀನರಿಯಲ್ಲಿ ನೆರಳನ್ನೂ ಬಣ್ಣದಲ್ಲೇ ಬರೆದಿರುತ್ತಾರೆ. ನೀವು ಶಾಲೆಯ ಹಾಲ್‌ನಲ್ಲಿ ಅಂಥದ್ದನ್ನು ಬರೆಸಿ ಎದುರುಬದಿಯಿಂದ ಸ್ಪಾಟ್ ಹಾಕಿದರೆ ಸೂರ್ಯ ಎರಡು ಆಗುತ್ತಾನೆ. ಮತ್ತೆ, ಹಿಂದೆ ಹೋದಂತೆ ಮನೆ ಮರ ಎಲ್ಲ ಚಿಕ್ಕದಾಗಿ ಬರೆದಿರುತ್ತದೆ, ದೂರ ಇದೆ ಅನ್ನಿಸಲಿ ಅಂತ. ಅಲಿ ಖುಷಿಯಲ್ಲಿ ಹಿಂದಕ್ಕೆ ನಡೆದುಕೊಂಡು ಹೋದರೆ ಅರಮನೆಯ ಮಾಳಿಗೆ ಅವನ ಸೊಂಟಕ್ಕೆ ಬರುತ್ತದೆ. ಅದಕ್ಕೇ ಆ ಕಾಲದ ನಟರು ಮುಂದೆಯೇ ನಿಲ್ಲುತ್ತಿದ್ದರು. ದೀಪಗಳೂ ಮುಂದೆಯೇ ಜಾಸ್ತಿ. ಈಗ ಅಲ್ಲಿ ಮೇಣದಬತ್ತಿ ಇಲ್ಲ, ಬತ್ತಿಯ ಹಾಗೆ ಸಣ್ಣಗೆ ಮಿನುಗುವ ವಿದ್ಯುತ್ ದೀಪ. ಬಣ್ಣದ ಪರದೆಗಳೂ ಮೂಲದ್ದಲ್ಲ, ನಕಲು. ಮೂಲದ್ದನ್ನು ಜೋಪಾನ ಮಾಡಿದ್ದಾರೆ.

ಮೋಡದ ಸಾಹಸಕ್ಕೆ ಶಾಲೆಯ ಹಾಲ್‌ನಲ್ಲಿ ಕೈ ಹಾಕಬೇಡಿ. ಡ್ರೊಟ್ನಿಂಗ್‌ಹೊಲ್ಮಿನಲ್ಲಿ ಮೇಲಿಂದ ಇಳಿಯುವ ಮೋಡದ ತೊಟ್ಟಿಲಿದೆ, ಅವರಿಗೆ ಸರಿ. ನೀವು ಪರದೆ ಎಳೆದು, ವಾದ್ಯದವರಿಗೆ ಹಾರಾಟ ಬಿಟ್ಟುಬಿಡಿ. ಗ್ರೆತ್ರಿ ಅದನ್ನು ಅಂಕದ ನಡುವಿನ ಸಂಗೀತದಲ್ಲೇ ಬರೆದಿದ್ದಾನೆ.

ನಿವೃತ್ತ ಮೇಷ್ಟ್ರು, ಧಾರವಾಡ

ಒಂದು ಸಣ್ಣ ತಿದ್ದುಪಡಿ ಹಾಕಿಬಿಡುತ್ತೇನೆ, ಹಳೇ ಚಟ. ಸೀನ ಅವರ ಆಟ ಒಪೆರಾ ಕೊಮೀಕ್ ಎಂಬ ಜಾತಿಯದು. ಹಾಗಂದರೆ ಹಾಸ್ಯದ ಒಪೆರಾ ಅಂತ ತಿಳಿಯುವವರೇ ಜಾಸ್ತಿ. ಹಾಗಲ್ಲ. ಹಾಡಿನ ನಡುವೆ ಬರೀ ಮಾತು ಬಂದರೆ ಅದು ಒಪೆರಾ ಕೊಮೀಕ್. ನಗು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. 1875ರ 'ಕಾರ್ಮೆನ್' ಕೂಡ ಇದೇ ಜಾತಿಗೆ ಸೇರಿದ್ದು, ಅದು ಮುಗಿಯುವುದು ಕೊಲೆಯಲ್ಲಿ. ಸೀನ ಅವರ ಆಟದಲ್ಲಿ ನಗುವೂ ಇದೆ, ಮೂರನೇ ಅಂಕದಲ್ಲಿ ಕಣ್ಣೀರೂ ಇದೆ. ಸಾಂದರನ ಮಗಳು ಜೆಮೀರ್ ಆಗ ಮೃಗದ ಅರಮನೆಯಲ್ಲಿರುತ್ತಾಳೆ, ಮಾಯೆಯ ಚಿತ್ರದೊಳಗೆ ಅಪ್ಪ ಮತ್ತು ಅಕ್ಕಂದಿರು ಅವಳಿಗಾಗಿ ಅಳುವುದು ಕಾಣುತ್ತದೆ. ಅದನ್ನು ಮಾತ್ರ ಯಾರೂ ತಮಾಷೆ ಮಾಡಬಾರದು.

ಅರಮನೆಯ ರಂಗಗಳಿಗೆ ಇದು ಹೊಸದೇನಲ್ಲ. ಈ ಆಟದ ಮೊದಲ ಪ್ರದರ್ಶನವೇ ಫೊಂತೆನ್‌ಬ್ಲೋ ಅರಮನೆಯಲ್ಲಿ ಆದದ್ದು. ವರ್ಸೈನಲ್ಲಿ ಮಾರಿ ಆಂತ್ವಾನೆತ್ ರಾಣಿ 1780ರಲ್ಲಿ ತನಗೇ ಅಂತ ಒಂದು ಪುಟ್ಟ ರಂಗಮಂದಿರ ಕಟ್ಟಿಸಿಕೊಂಡಳು. ಅಲ್ಲಿ ಇಂಥ ಆಟಗಳಲ್ಲಿ ಹಳ್ಳಿ ಹುಡುಗಿಯ ವೇಷ ಹಾಕಿ ತಾನೇ ಹಾಡಿದಳು. ರಾಣಿ ಶ್ರುತಿ ತಪ್ಪಿದರೆ ಯಾರು ಹೇಳಬೇಕು, ನೀವೇ ಯೋಚಿಸಿ.

ಹಾರ್ಮೋನಿಯಂ ಮೊಮ್ಮಗ

ಮೇಷ್ಟ್ರೇ, ಮಾತು ಹಾಡು ಮಾತು ಹಾಡು ಅಂದಕೂಡಲೇ ನಮ್ಮ ಕಂಪನಿ ನಾಟಕ ನೆನಪಾಯಿತು. ನಮ್ಮಜ್ಜ ಉತ್ತರ ಕರ್ನಾಟಕದ ಕಂಪನಿಗಳಲ್ಲಿ ಕಾಲುಪೆಟ್ಟಿಗೆ ನುಡಿಸುತ್ತಿದ್ದರು. ಸೀನಣ್ಣ, ನಿಮ್ಮ ಗುಡುಗಿನಷ್ಟೇ ಕಷ್ಟದ ಜಾಗ ಇನ್ನೊಂದಿದೆ. ನಟ ಮಾತಾಡುತ್ತಾ ಮಾತಾಡುತ್ತಾ ಹಾಡಿಗೆ ಹೋಗುವ ಜಾಗ. ಅಲ್ಲಿ ಒಂದು ಕ್ಷಣ ಖಾಲಿ ಬಿದ್ದರೆ ಜನ ಕೆಮ್ಮುತ್ತಾರೆ. ಅಜ್ಜ ಏನು ಮಾಡುತ್ತಿದ್ದರು ಅಂದರೆ, ನಟನ ಕೊನೆಯ ಮಾತಿನ ಕೆಳಗೇ ಶ್ರುತಿ ತೂರಿಸುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ಹಾಡು ಶುರುವಾಗಿಯೇ ಹೋಗಿರುತ್ತಿತ್ತು. ನಿಮ್ಮ ವಾದ್ಯದವರನ್ನು ಕೇಳಿ ನೋಡಿ, ಅಷ್ಟು ಮಾಡಿದರೆ ಸಾಕು.

ನಿಮ್ಮಲ್ಲಿ ಮಾತು ಯಾವ ಭಾಷೆ? ಮಾತು ಫ್ರೆಂಚಿನಲ್ಲೇ ಇದ್ದರೆ ಅಲಿ ಸುಳ್ಳು ಹೇಳುತ್ತಿದ್ದಾನೆ ಅಂತ ಯಾರಿಗೆ ಗೊತ್ತಾಗಬೇಕು?

ಹೆಗ್ಗೋಡಿನ ದೀಪದವಳು

ಮಾತು ಸ್ವೀಡಿಷ್‌ನಲ್ಲೇ ಇರಲಿ, ಅದಕ್ಕೆ ರಾಜನ ಅಪ್ಪಣೆಯೇ ಇದೆ ಮಾರಾಯ್ರೇ. ಸ್ವೀಡನ್ನಿನ ಮೂರನೇ ಗುಸ್ತಾವ್ ದೊರೆ ಫ್ರಾನ್ಸ್ ಅಂದರೆ ಪ್ರಾಣ ಬಿಡುತ್ತಿದ್ದವನು. ಆದರೂ 1773ರಲ್ಲಿ ಸ್ವೀಡಿಷ್ ಭಾಷೆಯಲ್ಲೇ ಒಪೆರಾ ಶುರು ಮಾಡಿಸಿದ. ಡ್ರೊಟ್ನಿಂಗ್‌ಹೊಲ್ಮಿನ ಒಳ್ಳೇ ದಿನಗಳೂ ಅವನ ಕಾಲದವೇ. 1792ರಲ್ಲಿ ಮುಖವಾಡದ ನೃತ್ಯಕೂಟದಲ್ಲಿ ಅವನಿಗೆ ಗುಂಡು ಹೊಡೆದರು. ಅಲ್ಲಿಗೆ ಈ ರಂಗವೂ ಮೂಲೆಗೆ ಬಿತ್ತು, ಸಾಮಾನು ತುಂಬುವ ಕೋಣೆ ಆಯಿತು. 1921ರಲ್ಲಿ ಆಗ್ನೆ ಬೇಯರ್ ಎಂಬ ವಿದ್ವಾಂಸ ಯಾವುದೋ ಚಿತ್ರ ಹುಡುಕುತ್ತಾ ಒಳಗೆ ಹೋದರೆ, ಧೂಳಿನಡಿ ಪರದೆ, ರಾಟೆ, ಎಲ್ಲ ಹಾಗೇ ಇತ್ತು. ಯಾರಿಗೂ ಬೇಡವಾಗಿತ್ತು, ಅದಕ್ಕೇ ಉಳಿಯಿತು. ಹಗ್ಗ ಬದಲಾಯಿಸಿ, ಕರೆಂಟು ಎಳೆದು, ಮರುವರ್ಷವೇ ಬಾಗಿಲು ತೆರೆದರು.

ಸೈಡ್‌ವಿಂಗ್ ಸೀನ

ಎಲ್ಲರಿಗೂ ದೊಡ್ಡ ನಮಸ್ಕಾರ. ಮಾತು ಸ್ವೀಡಿಷ್, ಹಾಡು ಫ್ರೆಂಚ್ ಅಂತ ತೀರ್ಮಾನ ಆಗಿದೆ. ಹಾಡಿನ ಮೊದಲು ಅಲಿಗೆ ಒಂದು ಸಾಲು ಸ್ವೀಡಿಷ್ ಮಾತು ಸೇರಿಸಿದ್ದೇವೆ, ಮಳೆ ನಿಂತಿತಲ್ಲ ಅನ್ನುವುದು.

ಶನಿವಾರ ಪೆಟ್ಟಿಗೆ ಮಾಡಿದೆ. ಹಳೇ ಪುಸ್ತಕದ ಕಪಾಟಿನ ಹಲಗೆ, 2 ಮೀಟರ್ ಉದ್ದ, ಒಳಗೆ ಅಡ್ಡ ಪಟ್ಟಿಗಳು. ಕೆರೆ ದಂಡೆಯಿಂದ ಒಂದು ಚೀಲ ಕಲ್ಲು ತಂದೆ. ಮನೆಯಲ್ಲಿ ಒಂದು ಸಲ ಓರೆ ಮಾಡಿದ್ದಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಒಳ್ಳೇ ಲಕ್ಷಣ ಅಂದುಕೊಂಡೆ.

ನಿನ್ನೆ ತಾಲೀಮಿನಲ್ಲಿ ಮೊದಲ ಸಲ ತಡವಾಯಿತು. ಎರಡನೇ ಸಲ ಬೇಗ ಆಯಿತು, ಅಲಿಯ ಮಾತೇ ನುಂಗಿಹೋಯಿತು, ನಿರ್ದೇಶಕಿ ನನ್ನ ಕಡೆ ನೋಡಿದರು. ಮೂರನೇ ಸಲ ದೀಪಕ್ಕ ಹೇಳಿದ ಹಾಗೆ ಕೊನೆಯ ಪದಕ್ಕಿಂತ ಮೊದಲೇ ಎಳೆದೆ. ಅವನು ನಿಂತಿತಲ್ಲ ಅಂದ, ಮೇಲೆ ಗಡಗಡ ಅಂತು. ಪಿಯಾನೋದವರು ನುಡಿಸುವುದು ಬಿಟ್ಟು ನಗಲು ಶುರು ಮಾಡಿದರು. ನಿರ್ದೇಶಕಿ ಏನೂ ಹೇಳಲಿಲ್ಲ, ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡರು.

ಒಂದೇ ತೊಂದರೆ. ಓರೆ ಮಾಡಿದ್ದನ್ನು ವಾಪಸ್ ತರುವಾಗಲೂ ಕಲ್ಲು ಉರುಳುತ್ತದೆ, ಬೇಡದ ಜಾಗದಲ್ಲಿ ಇನ್ನೊಂದು ಸಣ್ಣ ಗುಡುಗು. ಒಳಗೆ ಕಂಬಳಿ ಹಾಸಿದರೆ ಸದ್ದು ಪೂರ್ತಿ ಸತ್ತುಹೋಗುತ್ತದಾ, ದೀಪಕ್ಕ?