ಸಹಾಯ ಬೇಕು: ಆಫ್ರಿಕಾದ ಕಾಡೆಮ್ಮೆ ಬೇಟೆಗೆ 375 ರೈಫಲ್ ತಗೊಳ್ಳೋದಾ, ಅದಕ್ಕಿಂತ ದೊಡ್ಡ ಗುಂಡಿನ 416 ತಗೊಳ್ಳೋದಾ?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಕಡೆಯವನು, ಈಗ ಟೆಕ್ಸಾಸಲ್ಲಿದೀನಿ. ಜೂನ್‌ನಲ್ಲಿ ಜಿಂಬಾಬ್ವೆಯ ಜಾಂಬೆಜಿ ಕಣಿವೆಗೆ ಕೇಪ್ ಬಫೆಲೋ ಬೇಟೆಗೆ ಹೋಗ್ತಿದೀನಿ, ಪರ್ಮಿಟ್ಟು, ಜೊತೆಗೆ ಬರೋ ಪ್ರೊಫೆಷನಲ್ ಹಂಟರ್ ಎಲ್ಲಾ ಸೆಟ್ ಆಗಿದೆ, ರೈಫಲ್ ಒಂದೇ ಬಾಕಿ. ಊರಲ್ಲಿ ತಾತನ ತೋಟಾ ಕೋವಿ ಹಿಡ್ದು ಬೆಳ್ದೋನು ನಾನು, ಆದ್ರೆ ಇದು 700 ಕೆಜಿ ಪ್ರಾಣಿ, ಲೆಕ್ಕನೇ ಬೇರೆ.

ಹೋದ್ವಾರ ಫ್ರೆಂಡ್‌ದು 416 ರಿಗ್ಬಿ ಹೊಡ್ದು ನೋಡ್ದೆ, 400 ಗ್ರೇನ್ (ಸುಮಾರು 26 ಗ್ರಾಂ) ಬುಲೆಟ್ಟು, ನಾಲ್ಕನೇ ಗುಂಡಿಗೆ ಟ್ರಿಗರ್ ಒತ್ತೋ ಮುಂಚೆನೇ ಕಣ್ಣು ಮುಚ್ಕೊಂಡ್ಬಿಟ್ಟೆ, ಗುಂಡು ಒಂದಡಿ ಕೆಳಗೆ ಹೋಯ್ತು. ಹಾಗೆ ಗಾಯ ಮಾಡಿ ಬಿಟ್ರೆ ಪ್ರಾಣಿಗೂ ಹಿಂಸೆ, ಪೊದೆಯೊಳಗೆ ಅದ್ರ ಹಿಂದೆ ಹೋಗೋ ಟ್ರ್ಯಾಕರ್‌ಗಳ ಜೀವಕ್ಕೂ ಅಪಾಯ. ಅದಕ್ಕೆ 1912ರಿಂದ ನಡ್ಕೊಂಡು ಬಂದಿರೋ 375 ಎಚ್ ಅಂಡ್ ಎಚ್ (ಹಾಲೆಂಡ್ ಅಂಡ್ ಹಾಲೆಂಡ್) ಕಡೆಗೇ ಮನಸ್ಸು, 300 ಗ್ರೇನ್, ಒದೆತ ತಡ್ಕೋಬಹುದು.

ಗೊತ್ತಿರೋರು ಹೇಳಿ: ಮೊದಲನೇ ಗುಂಡು ಸಾಫ್ಟ್ (ತಗಲಿದ ಮೇಲೆ ಅರಳೋದು), ಆಮೇಲಿನವು ಸಾಲಿಡ್ (ಅರಳದೆ ಆಳಕ್ಕೆ ಹೋಗೋದು) ಅಂತಾರೆ, ಯಾಕಂದ್ರೆ ಸಾಲಿಡ್ ಆಚೆ ಹೊರಟು ಹಿಂದಿರೋ ಎಮ್ಮೆಗೂ ತಗಲತ್ತಂತೆ. ಎರಡೂ ಒಂದೇ ಜಾಗಕ್ಕೆ ಬೀಳೋ ಹಾಗೆ ಸ್ಕೋಪ್ ಹೇಗೆ ಸೆಟ್ ಮಾಡ್ಕೊಂಡ್ರಿ? ಮೌಸರ್ ರೈಫಲ್ ಥರದ ಕಂಟ್ರೋಲ್ಡ್ ಫೀಡ್ ಬೋಲ್ಟೇ (ಮ್ಯಾಗಜೀನಿಂದ ಬರುವಾಗ್ಲೇ ತೋಟಾನ ಕೊಕ್ಕೆಯಿಂದ ಹಿಡ್ಕೊಳ್ಳೋದು) ಬೇಕಾ? ವಿಮಾನದಲ್ಲಿ 5 ಕೆಜಿ ಮದ್ದುಗುಂಡಿಗಷ್ಟೇ ಅವಕಾಶ, ಅದ್ರಲ್ಲಿ ಸಾಫ್ಟ್ ಎಷ್ಟು ಸಾಲಿಡ್ ಎಷ್ಟು ಒಯ್ಯೋದು? ನಿಜವಾಗ್ಲೂ ಹೋಗ್ಬಂದೋರು ದಯವಿಟ್ಟು ಬರೀರಿ, ಈ ತಿಂಗಳೊಳಗೆ ತಗೊಂಡ್ರೆ ಪ್ರಾಕ್ಟೀಸಿಗೆ ಟೈಮ್ ಸಿಗತ್ತೆ.